ಬಾಡಿಗೆಯ ಆಸೆಗೆ ಫ್ಲ್ಯಾಟು ಕೊಳ್ಳುವ ಮುನ್ನ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ನಮ್ಮ ಕುಟುಂಬಗಳಲ್ಲಿ ಈಗೀಗ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ತೋಟವನ್ನು ಮಾರಿ, ಬಂದ ಹಣದಲ್ಲಿ ಬೆಂಗಳೂರಿನಲ್ಲೊಂದು ಫ್ಲ್ಯಾಟು ಕೊಂಡುಬಿಟ್ಟರೆ ತಿಂಗಳು ತಿಂಗಳು ಕುಳಿತಲ್ಲಿಗೆ ಬಾಡಿಗೆ ಬರುತ್ತದೆ ಎಂಬುದೇ ಆ ಮಾತು. ಇದಕ್ಕೆ ಕಾರಣಗಳಿಲ್ಲದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು, ಅರಸೀಕೆರೆಯ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಮಳೆಯ ಕೊರತೆ, ರೋಗ, ಕೂಲಿಯಾಳಿನ ಅಭಾವಗಳೂ ಜೊತೆಗೂಡಿ ಅನೇಕರ ಮನಸ್ಸು ಮಣ್ಣಿನಿಂದ ದೂರವಾಯಿತು. ಎರಡೇ ವರ್ಷದಲ್ಲಿ ಅದೇ ಕೊಬ್ಬರಿ ಬೆಂಬಲ ಬೆಲೆಗಿಂತ ಬಹಳ ಮೇಲಕ್ಕೆ ಹೋದದ್ದು ಬೇರೆ ಮಾತು. ಆ ವೇಳೆಗೆ ಕೆಲವರ ತೋಟ ಕೈಬಿಟ್ಟಾಗಿತ್ತು.

ಇನ್ನೊಂದು ಕಾರಣ ಭಯ. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಸಂಸ್ಥೆ ಕುಸಿದಾಗ, ಬಡ್ಡಿಯಿಲ್ಲದ ಲಾಭ ಎಂಬ ಹೆಸರನ್ನು ನಂಬಿ ಹಣವಿಟ್ಟ ಸಾವಿರಾರು ಮುಸ್ಲಿಮ್ ಕುಟುಂಬಗಳು ಬೀದಿಗೆ ಬಂದವು. ಮಗಳ ಮದುವೆಗೆ, ಹಜ್ಜಿಗೆ ಎಂದು ಕೂಡಿಟ್ಟ ಹಣವೂ ಅದರಲ್ಲಿತ್ತು. ಅಂದಿನಿಂದ ನಮ್ಮವರ ಬಾಯಲ್ಲಿ ಒಂದೇ ತೀರ್ಮಾನ: ಕಾಗದದ ಮೇಲಿನ ಲಾಭ ಬೇಡ, ಇಟ್ಟಿಗೆ ಸಿಮೆಂಟು ಕಣ್ಣಿಗೆ ಕಾಣುತ್ತದೆ, ಅದು ಓಡಿಹೋಗುವುದಿಲ್ಲ. ಈ ತೀರ್ಮಾನದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಹಣ ಕಳೆದುಕೊಂಡದ್ದು ಇಟ್ಟಿಗೆ ಇಲ್ಲದ್ದರಿಂದಲ್ಲ, ಲೆಕ್ಕ ಕೇಳದ್ದರಿಂದ. ಲೆಕ್ಕ ಕೇಳದವನು ಫ್ಲ್ಯಾಟಿನಲ್ಲೂ ಹಣ ಕಳೆದುಕೊಳ್ಳಬಲ್ಲ.

ಇದಕ್ಕೆ ಸ್ಪಷ್ಟ ನಿದರ್ಶನವೆಂದರೆ "ಖಚಿತ ಬಾಡಿಗೆ" ಎಂಬ ಹೊಸ ಆಮಿಷ. ಕಟ್ಟಡದ ಪಾಯವೂ ಏಳದಿರುವಾಗಲೇ, ಈಗ ಇಷ್ಟು ಲಕ್ಷ ಕೊಡಿ, ಮುಂದಿನ ತಿಂಗಳಿನಿಂದಲೇ ಇಷ್ಟು ಸಾವಿರ ಬಾಡಿಗೆ ಕೊಡುತ್ತೇವೆ ಎಂದು ಹೇಳುವವರಿದ್ದಾರೆ. ಮನೆಯೇ ಇಲ್ಲದ ಮೇಲೆ ಬಾಡಿಗೆ ಯಾವುದರದು? ಫಿಕ್ಹ್‌ನಲ್ಲಿ ಬಾಡಿಗೆ ಎಂದರೆ ಉಪಯೋಗಕ್ಕೆ ಒದಗುವ ವಸ್ತುವಿನ ಪ್ರಯೋಜನಕ್ಕೆ ಕೊಡುವ ಪ್ರತಿಫಲ. ವಸ್ತುವೂ ಇಲ್ಲ, ಅದನ್ನು ಬಳಸುವವನೂ ಇಲ್ಲ, ಕೊಟ್ಟ ಹಣಕ್ಕೆ ನಿಗದಿತ ಮೊತ್ತ ಮಾತ್ರ ಬರುತ್ತಿದೆ ಎಂದಾದರೆ ಅದರ ಹೆಸರು ಏನೇ ಇರಲಿ, ಅದು ಸಾಲದ ಮೇಲಿನ ಬಡ್ಡಿ. ಕೈಯಲ್ಲಿಲ್ಲದ್ದನ್ನು ಮಾರಬಾರದೆಂದು ಪ್ರವಾದಿ ಮುಹಮ್ಮದ್(ಸ)ರು ಹಕೀಮ್ ಬಿನ್ ಹಿಝಾಮ್(ರ)ರಿಗೆ ತಾಕೀತು ಮಾಡಿದ್ದನ್ನು ಇಂಥ ವ್ಯವಹಾರದ ಮುಂದೆ ಕುಳಿತಾಗ ನೆನೆಯಬೇಕು. ಹೊಸಬರ ಹಣದಿಂದ ಹಳಬರಿಗೆ ತಿಂಗಳ ಪಾಲು ಹಂಚುವ ಆಟವನ್ನು ಒಮ್ಮೆ ಕಂಡವರು ಅದನ್ನೇ ಇಟ್ಟಿಗೆಯ ಚಿತ್ರ ಹಚ್ಚಿ ತಂದಾಗ ಗುರುತಿಸದಿರುವುದು ಸೋಜಿಗವೇ ಸರಿ.

ಈಗ ಕಟ್ಟಿ ಮುಗಿದ, ನ್ಯಾಯವಾಗಿ ಬಾಡಿಗೆ ಬರಬಲ್ಲ ಒಂದು ಫ್ಲ್ಯಾಟನ್ನೇ ತೆಗೆದುಕೊಳ್ಳೋಣ. ಉದಾಹರಣೆಗಾಗಿ ಬೆಲೆ 75 ಲಕ್ಷ, ಬಾಡಿಗೆ ತಿಂಗಳಿಗೆ 25 ಸಾವಿರ ಎಂದಿಟ್ಟುಕೊಳ್ಳಿ. ದಲ್ಲಾಳಿಯು ವರ್ಷಕ್ಕೆ 3 ಲಕ್ಷ, ಅಂದರೆ ನೂರಕ್ಕೆ 4 ಎಂದು ಬೆರಳೆಣಿಸಿ ತೋರಿಸುತ್ತಾನೆ. ಆದರೆ ಕೊಳ್ಳುವವನ ಕೈಯಿಂದ ಹೋಗುವುದು 75 ಲಕ್ಷವಲ್ಲ. 2025ರ ಆಗಸ್ಟ್ ಕೊನೆಯಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಉಪಕರಗಳೊಂದಿಗೆ ಇಂಥ ಫ್ಲ್ಯಾಟಿಗೆ ಒಟ್ಟು ಶೇ. 7.6ರಷ್ಟಾಗುತ್ತದೆ. ಅದೇ 5 ಲಕ್ಷ 70 ಸಾವಿರ. ವಕೀಲರ ಶುಲ್ಕ, ಕಪಾಟು, ಅಡುಗೆಮನೆಯ ಮರಗೆಲಸ, ನಿವಾಸಿಗಳ ಸಂಘದ ಮೂಲನಿಧಿ ಎಂದು ಇನ್ನೊಂದು 3 ಲಕ್ಷ 30 ಸಾವಿರ ಸೇರಿದರೆ ಹೂಡಿದ ಹಣ 84 ಲಕ್ಷ. ನಿರ್ಮಾಣ ಹಂತದ ಫ್ಲ್ಯಾಟಾದರೆ ಅದರ ಮೇಲೆ ಸಾಮಾನ್ಯವಾಗಿ ಶೇ. 5ರ ಜಿ.ಎಸ್.ಟಿ. ಬೇರೆ.

ಇನ್ನು ಬರುವ ಹಣ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿತ್ತೆಂದರೆ 25 ಸಾವಿರ ಹೋಯಿತು. ಎರಡು ವರ್ಷಕ್ಕೊಮ್ಮೆ ಬಾಡಿಗೆದಾರ ಬದಲಾಗಿ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಟ್ಟರೆ ವರ್ಷಕ್ಕೆ 12,500. ಲಿಫ್ಟು, ಕಾವಲು, ನೀರು, ಜನರೇಟರುಗಳ ನಿರ್ವಹಣೆಗೆ ತಿಂಗಳಿಗೆ 3,500ರಂತೆ 42 ಸಾವಿರ. ಕೆಲವೆಡೆ ಇದನ್ನು ಬಾಡಿಗೆದಾರನೇ ಕೊಡುತ್ತಾನೆ, ಆದರೆ ಅಲ್ಲಿ ಬಾಡಿಗೆ ಅಷ್ಟರಮಟ್ಟಿಗೆ ಇಳಿದಿರುತ್ತದೆ. ಆಸ್ತಿ ತೆರಿಗೆ 8 ಸಾವಿರ, ಬಣ್ಣ ಮತ್ತು ದುರಸ್ತಿಗೆ ಸರಾಸರಿ 20 ಸಾವಿರ. ಎಲ್ಲ ಕಳೆದರೆ ಉಳಿಯುವುದು 1,92,500 ರೂಪಾಯಿ. ಹೂಡಿದ 84 ಲಕ್ಷಕ್ಕೆ ಇದು ನೂರಕ್ಕೆ 2.3 ಮಾತ್ರ. ಆದಾಯ ತೆರಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮಾಲಕ ಕೊಲ್ಲಿ ರಾಷ್ಟ್ರದಲ್ಲಿದ್ದು ಅನಿವಾಸಿಯಾಗಿದ್ದರೆ ಬಾಡಿಗೆದಾರನು ಬಾಡಿಗೆಯಿಂದಲೇ ಶೇ. 30ಕ್ಕೂ ಮಿಕ್ಕಿ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಇದನ್ನು ಅರಿಯದ ಬಾಡಿಗೆದಾರನೂ ಮಾಲಕನೂ ಆಮೇಲೆ ಪರಸ್ಪರ ದೂರುತ್ತಾ ಕೂರುತ್ತಾರೆ.

ಅಂಕಿಗಳು ಬಡಾವಣೆಯಿಂದ ಬಡಾವಣೆಗೆ ಬದಲಾಗುತ್ತವೆ, ನಿಜ. ಆದರೆ ಪಟ್ಟಿಯಲ್ಲಿರುವ ಬಾಬತ್ತುಗಳು ಬದಲಾಗುವುದಿಲ್ಲ. ದಲ್ಲಾಳಿ ಹೇಳಿದ ಬಾಡಿಗೆಯನ್ನೂ ನಂಬಬೇಕಿಲ್ಲ. ಅದೇ ಕಟ್ಟಡದ ಇಬ್ಬರು ಬಾಡಿಗೆದಾರರನ್ನು, ಕಾವಲುಗಾರನನ್ನು ಕೇಳಿದರೆ ಸಾಕು. ಎಷ್ಟು ಮನೆ ಖಾಲಿ ಇವೆ, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ನೀರು ತರಿಸುತ್ತಾರೆ ಎಂಬುದನ್ನು ಅವರಷ್ಟು ಸರಿಯಾಗಿ ಯಾವ ಜಾಹೀರಾತೂ ಹೇಳದು. ಶುಕ್ರವಾರ ಜುಮಾ ಮುಗಿಸಿ ಆ ಬೀದಿಯಲ್ಲಿ ಅರ್ಧ ಗಂಟೆ ನಡೆದಾಡುವುದೂ ಒಂದು ಪರಿಶೀಲನೆಯೇ.

ಸಾಲ ಮಾಡಿ ಕೊಂಡರೆ ಬಾಡಿಗೆಯೇ ಕಂತು ಕಟ್ಟಿಕೊಳ್ಳುತ್ತದೆ ಎಂಬ ವಾದ ಬೇರೆ ಇದೆ. ಬ್ಯಾಂಕಿನ ಬಡ್ಡಿಯ ವಿಷಯದಲ್ಲಿ ವಿಶ್ವಾಸಿಗೆ ಹೇಳಬೇಕಾದದ್ದು ಹೆಚ್ಚಿಲ್ಲ; ವಾಸಕ್ಕೆ ಸೂರಿಲ್ಲದವನ ಅನಿವಾರ್ಯತೆಯ ಬಗ್ಗೆ ಚರ್ಚೆ ನಡೆದಿರಬಹುದು, ಎರಡನೆಯ ಮನೆಯ ಲಾಭಕ್ಕೆ ಆ ಅನಿವಾರ್ಯತೆ ಅನ್ವಯಿಸದು. ಆದರೆ ಲೌಕಿಕ ಲೆಕ್ಕವೂ ಆ ವಾದದ ಪರವಾಗಿಲ್ಲ. 60 ಲಕ್ಷ ಸಾಲಕ್ಕೆ ಶೇ. 8.5ರಂತೆ 20 ವರ್ಷದ ಕಂತು ತಿಂಗಳಿಗೆ ಸುಮಾರು 52 ಸಾವಿರ. ಮೇಲಿನ ಫ್ಲ್ಯಾಟಿನಿಂದ ನಿಜವಾಗಿ ಕೈಸೇರುವುದು ತಿಂಗಳಿಗೆ 16 ಸಾವಿರ. ಉಳಿದ 36 ಸಾವಿರವನ್ನು ಅರಸೀಕೆರೆಯ ಅಂಗಡಿ ದುಡಿದು ಕಟ್ಟಬೇಕು.

ಹಾಗಾದರೆ ಜನ ಕೊಳ್ಳುವುದೇಕೆ? ಬೆಲೆ ಏರುತ್ತದೆ ಎಂಬ ನಂಬಿಕೆಯಿಂದ. ಏರುವುದು ಮಣ್ಣಿನ ಬೆಲೆ. ಕಟ್ಟಡ ವರ್ಷದಿಂದ ವರ್ಷಕ್ಕೆ ಹಳತಾಗುತ್ತದೆ. ಆದ್ದರಿಂದ ಕ್ರಯಪತ್ರದಲ್ಲಿ ಫ್ಲ್ಯಾಟಿನೊಂದಿಗೆ ಬರುವ ಭೂಮಿಯ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಮೊದಲು ನೋಡಬೇಕು. ಹತ್ತು ಹನ್ನೆರಡು ಮಹಡಿಯ ಗೋಪುರದಲ್ಲಿ ಆ ಪಾಲು ಎಷ್ಟು ಕಿರಿದಾಗಿರುತ್ತದೆಂದು ತೋಟದ ಒಡೆಯನಿಗೆ ತಿಳಿದರೆ ಅವನು ದಂಗಾಗುತ್ತಾನೆ. ಎಕರೆಗಟ್ಟಲೆ ಮಣ್ಣು ಕೊಟ್ಟು ಅವನು ಪಡೆಯುವುದು ಒಂದು ತೆಂಗಿನ ಮರದ ನೆರಳು ಬೀಳುವಷ್ಟು ಜಾಗದ ಪಾಲನ್ನು.

ಇನ್ನು ದಾಖಲೆಗಳು. ಬೇಲೂರು, ಹಳೇಬೀಡಿನ ಶಾಸನಗಳನ್ನು ನೋಡಿದವರಿಗೆ ಗೊತ್ತು, ಹೊಯ್ಸಳರ ಕಾಲದಲ್ಲಿ ದಾನ ಕೊಟ್ಟ ಭೂಮಿಯ ಎಲ್ಲೆಗಳನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರಾ ಅಧ್ಯಾಯದ 282ನೆಯದು. ಅದು ಆರಾಧನೆಯ ಕುರಿತಲ್ಲ, ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮ ಬರೆದಿಡಬೇಕೆಂಬುದರ ಕುರಿತಾಗಿದೆ. ಹೀಗಿರುವಾಗ ನಮ್ಮವರು "ಬಿಲ್ಡರ್ ನಮ್ಮ ಜಮಾಅತಿನವರೇ" ಎಂಬ ಒಂದು ಮಾತಿಗೆ ಲಕ್ಷಗಟ್ಟಲೆ ಹಣವನ್ನು ರಸೀದಿಯಿಲ್ಲದೆ ಕೊಡುವುದು ದೀನದಾರಿಯ ಲಕ್ಷಣವಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಅಳತೆಯನ್ನು ಗೋಡೆಗಳೊಳಗಿನ ಕಾರ್ಪೆಟ್ ಏರಿಯಾದ ಲೆಕ್ಕದಲ್ಲಿ ಹೇಳಬೇಕು. ವಶಕ್ಕೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರನೇ ಸರಿಪಡಿಸಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಅಥವಾ ಎಂಟು ಮನೆ ಮೀರದ ಯೋಜನೆಗೆ ಈ ನೋಂದಣಿಯ ಕಡ್ಡಾಯವಿಲ್ಲ. ನಮ್ಮವರು ಹೆಚ್ಚಾಗಿ ಕೊಳ್ಳುವುದು ಇಂಥ ಚಿಕ್ಕ ಕಟ್ಟಡಗಳಲ್ಲೇ.

ಅಲ್ಲಿ ಒ.ಸಿ. ಎನ್ನುವ ಸ್ವಾಧೀನಾನುಭವ ಪ್ರಮಾಣಪತ್ರ ಇದೆಯೇ ಎಂದು ಕೇಳಿದರೆ ನಗು ಉತ್ತರವಾಗಿ ಬರುತ್ತದೆ. ಈಗ ಆ ನಗುವಿಗೆ ಆಸ್ಪದವಿಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ ಕೊಡಕೂಡದೆಂದು ನಿರ್ದೇಶಿಸಿದೆ. ಕರೆಂಟಿಲ್ಲದ ಮನೆಗೆ ಬಾಡಿಗೆದಾರ ಬರುವನೇ? ಇ-ಖಾತೆ ಇದೆ ಎಂದ ಮಾತ್ರಕ್ಕೆ ಅದು ಎ ಖಾತೆ ಎಂದಾಗದು, ಬಿ ಖಾತೆಗೂ ಇ-ಖಾತೆ ಇರುತ್ತದೆ. ಜಾಗ ವಕ್ಫ್ ಆಸ್ತಿಯಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು. ಅಲ್ಲಾಹನ ಹೆಸರಿನಲ್ಲಿ ಮುಡಿಪಾಗಿಟ್ಟದ್ದನ್ನು ಅರಿಯದೆ ಕೊಂಡರೂ ಅದು ನಮ್ಮದಾಗದು.

ಋಣಭಾರ ಪ್ರಮಾಣಪತ್ರದಲ್ಲಿ ಕಾಣದ ಒಂದು ಋಣವೂ ಇದೆ. ಅದು ಬೆಂಗಳೂರಿನಲ್ಲಿ ಲೀಸ್ ಎಂದು ಕರೆಯುವ ಭೋಗ್ಯ. ಬಾಡಿಗೆದಾರ ಹತ್ತು ಹನ್ನೆರಡು ಲಕ್ಷ ಒಟ್ಟಿಗೆ ಕೊಡುತ್ತಾನೆ, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಿಸುತ್ತಾನೆ, ಹೋಗುವಾಗ ಪೂರ್ತಿ ಹಣ ಹಿಂದೆ ಪಡೆಯುತ್ತಾನೆ. ಒಂದು ವರ್ಷಕ್ಕೆ ಮೀರಿದ ಇಂಥ ಒಪ್ಪಂದ ನೋಂದಣಿಯಾಗಬೇಕು, ಬಹುತೇಕ ಆಗಿರುವುದಿಲ್ಲ. ಹಳೆಯ ಫ್ಲ್ಯಾಟು ಕೊಂಡವನು ಬಾಗಿಲು ತಟ್ಟಿದಾಗ ಒಳಗಿರುವವನು, ನನ್ನ ಹನ್ನೆರಡು ಲಕ್ಷ ಕೊಟ್ಟು ಮನೆ ತೆಗೆದುಕೊಳ್ಳಿ ಎನ್ನುತ್ತಾನೆ. ಆದ್ದರಿಂದ ಮುಂಗಡ ಕೊಡುವ ಮೊದಲು ಒಳಗಿರುವವನೊಡನೆಯೇ ಮಾತಾಡಬೇಕು. ಕೊಂಡ ಮೇಲೆ ಹಣದ ಅಡಚಣೆಗೆ ನಾವೇ ಭೋಗ್ಯಕ್ಕೆ ಕೊಡಬಹುದೇ? ಹಿಂದಿರುಗಿಸಲೇಬೇಕಾದ ಹಣ ಸಾಲ. ಸಾಲಕ್ಕೆ ಪ್ರತಿಯಾಗಿ ಪುಕ್ಕಟೆ ವಾಸವೆಂಬ ಲಾಭ ಬಡ್ಡಿಯೇ ಎಂದು ಉಲಮಾಗಳು ಹೇಳಿದ್ದಾರೆ. ಇದನ್ನು ತಪ್ಪಿಸಲು ತಿಂಗಳಿಗೆ ಐನೂರು ರೂಪಾಯಿ ಬಾಡಿಗೆ ಎಂದು ಕಾಗದದಲ್ಲಿ ಬರೆಯುವವರಿದ್ದಾರೆ. ಇಪ್ಪತ್ತು ಸಾವಿರದ ಮನೆಗೆ ಐನೂರು ಬಾಡಿಗೆ ಏಕೆಂದು ಅವರ ಮನಸ್ಸಾಕ್ಷಿ ಬಲ್ಲದು.

ಬೇಲೂರು, ಹಳೇಬೀಡಿನಲ್ಲಿಯೇ ಕಟ್ಟಡ ಕೊಂಡು ಪ್ರವಾಸಿಗರಿಗೆ ಬಾಡಿಗೆಗೆ ಕೊಡಬಾರದೇಕೆ ಎಂದು ಕೇಳುವವರಿಗೆ ಒಂದು ಎಚ್ಚರಿಕೆ. 2023ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಸುತ್ತಲಿನ ಜಾಗದ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ಆದರೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅಲ್ಲಿಂದ ಮುಂದಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಳತೆ ಹಿಡಿದು ನೋಡಿಯೇ ಮಾತಿಗಿಳಿಯಬೇಕು.

ಝಕಾತಿನ ಬಗ್ಗೆಯೂ ಪ್ರಶ್ನೆಗಳಿವೆ. ಬಾಡಿಗೆಗಾಗಿ ಇಟ್ಟ ಮನೆಯ ಬೆಲೆಯ ಮೇಲೆ ಝಕಾತ್ ಇಲ್ಲ, ಬಾಡಿಗೆಯಿಂದ ಉಳಿದ ಹಣ ನಿಸಾಬ್ ತಲುಪಿ ವರ್ಷ ಪೂರೈಸಿದರೆ ಅದರ ನಲವತ್ತನೆಯ ಒಂದು ಭಾಗ ಕಡ್ಡಾಯ ಎಂಬುದು ಹೆಚ್ಚಿನ ವಿದ್ವಾಂಸರ ನಿಲುವು. ಬೆಲೆ ಏರಿದಾಗ ಮಾರುವ ಉದ್ದೇಶದಿಂದಲೇ ಕೊಂಡಿದ್ದರೆ ಅದು ವ್ಯಾಪಾರದ ಸರಕು, ಪ್ರತಿ ವರ್ಷದ ಮಾರುಕಟ್ಟೆ ಬೆಲೆಯ ಮೇಲೆ ಝಕಾತ್ ಬರುತ್ತದೆ. ಯಾವ ಉದ್ದೇಶದಿಂದ ಕೊಂಡೆವೆಂದು ದಲ್ಲಾಳಿಗೆ ಒಂದು, ಅಲ್ಲಾಹನಿಗೆ ಇನ್ನೊಂದು ಹೇಳಲಾಗದು.

ಇವೆಲ್ಲಕ್ಕಿಂತ ನಮ್ಮನ್ನು ಕಾಡುವುದು ಬೇರೆ ಸಂಗತಿ. ತಂದೆ ತೀರಿಕೊಂಡ ಮೇಲೆ ತೋಟ ಮಾರಾಟವಾಗುತ್ತದೆ. ಕೊಳ್ಳುವವನ ವಕೀಲ ಹಟ ಹಿಡಿಯುವುದರಿಂದ ಹೆಣ್ಣುಮಕ್ಕಳೂ ಬಂದು ಸಹಿ ಹಾಕುತ್ತಾರೆ. ಸೀರೆಯೋ ಸಣ್ಣ ಮೊತ್ತವೋ ಕೊಟ್ಟು ಅವರನ್ನು ಕಳಿಸಿಕೊಡಲಾಗುತ್ತದೆ. ಬೆಂಗಳೂರಿನ ಫ್ಲ್ಯಾಟಿನ ಕ್ರಯಪತ್ರ ಹಿರಿಯ ಮಗನ ಹೆಸರಿನಲ್ಲಿ ಆಗುತ್ತದೆ. ಅನ್ನಿಸಾ ಅಧ್ಯಾಯದ 7ನೇ ಸೂಕ್ತವು ಬಿಟ್ಟುಹೋದದ್ದು ಸ್ವಲ್ಪವಿರಲಿ ಹೆಚ್ಚಿರಲಿ, ಸ್ತ್ರೀಯರಿಗೂ ಅದರಲ್ಲಿ ನಿಗದಿತ ಪಾಲಿದೆ ಎಂದು ಸಾರಿದೆ. ತಂದೆ ಬದುಕಿದ್ದಾಗಲೇ ಒಬ್ಬ ಮಗನಿಗೆ ಕೊಡುವುದಾದರೆ, ನುಅಮಾನ್ ಬಿನ್ ಬಶೀರ್(ರ)ರ ತಂದೆ ಒಬ್ಬ ಮಗನಿಗೆ ಮಾತ್ರ ಕೊಟ್ಟ ಉಡುಗೊರೆಗೆ ಸಾಕ್ಷಿಯಾಗಲು ಪ್ರವಾದಿ(ಸ)ರು ನಿರಾಕರಿಸಿದ್ದನ್ನು ಮರೆಯಬಾರದು. ತೋಟವಾಗಿದ್ದಾಗ ಅಕ್ಕತಂಗಿಯರಿಗೆ ವರ್ಷಕ್ಕೊಂದು ಮೂಟೆ ಕಾಯಿಯಾದರೂ ಹೋಗುತ್ತಿತ್ತು. ಫ್ಲ್ಯಾಟಿನ ಬಾಡಿಗೆ ಅಣ್ಣನ ಬ್ಯಾಂಕ್ ಖಾತೆಗೆ ಸದ್ದಿಲ್ಲದೆ ಜಮೆಯಾಗುತ್ತದೆ. ಕ್ರಯಪತ್ರದಲ್ಲಿ ಎಲ್ಲ ವಾರಸುದಾರರ ಹೆಸರು ಬರೆಸಿ, ಪ್ರತಿಯೊಬ್ಬರ ಪಾಲು ಎಷ್ಟೆಂದು ನಮೂದಿಸಲು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಯಾವ ಅಡ್ಡಿಯೂ ಇಲ್ಲ. ಅದನ್ನು ಬರೆಸದೆ ಕೊಂಡ ಮನೆಗೆ ಇ-ಖಾತೆ, ಒ.ಸಿ. ಎಲ್ಲವೂ ಇದ್ದರೂ ಅದರ ಹಕ್ಕುಪತ್ರ ಶುದ್ಧವಾಗಿದೆ ಎಂದು ನಾವು ಹೇಳಲಾರೆವು.