ಸಂಸಾರದಲ್ಲಿ ಕೆಲಸದ ಪಾಲು

ಸಂಸಾರವು ಜೋಡೆತ್ತಿನ ಗಾಡಿಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದೇವದುರ್ಗ, ಮಾನವಿ ಕಡೆಯ ಹೊಲಗಳಲ್ಲಿ ನಿಂತು ನೋಡಿದರೆ ಈ ಮಾತು ನಿಜವೆನಿಸುತ್ತದೆ. ಹತ್ತಿ ಬಿಡಿಸುವಾಗ, ಭತ್ತದ ಸಸಿ ಹಚ್ಚುವಾಗ ಹೆಂಗಸರ ಕೈಯೇ ಮುಂದು. ಆದರೆ ಹೊತ್ತು ಮುಳುಗಿ ಇಬ್ಬರೂ ಊರು ಸೇರಿದೊಡನೆ ಒಂದೇ ಎತ್ತಿನ ಕೊರಳು ಬಿಚ್ಚುತ್ತೇವೆ. ಗಂಡ ಕಟ್ಟೆಗೆ ಹೋಗಿ ಕೂಡುತ್ತಾನೆ. ಹೆಂಡತಿಗೆ ನೀರು, ಒಲೆ, ರೊಟ್ಟಿ, ಮುಸುರೆ ಕಾದಿರುತ್ತವೆ.

ಇದು ನಮ್ಮ ಭಾಗವೊಂದರ ಮಾತಲ್ಲ. ಭಾರತ ಸರ್ಕಾರವು ೨೦೧೯ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಚ್ಚಿದವರು ಹೆಂಗಸರಲ್ಲಿ ನೂರಕ್ಕೆ ೮೧, ಗಂಡಸರಲ್ಲಿ ೨೬ ಮಾತ್ರ. ಹಾಗೆ ಕೈಹಚ್ಚಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷ ದುಡಿದರೆ ಗಂಡಸರು ೯೭ ನಿಮಿಷ.

ಗಂಡಸು ಭಾರದ ಕೆಲಸ ಮಾಡುತ್ತಾನೆಂದು ಕೆಲವು ಮಿತ್ರರು ವಾದಿಸುತ್ತಾರೆ. ರಂಟೆ ಕುಂಟೆಗಳ ಕಾಲದಲ್ಲಿ ಈ ವಾದಕ್ಕೆ ತೂಕವಿತ್ತು. ಈಗ ನೇಗಿಲ ಕೆಲಸವನ್ನು ಬಹುಮಟ್ಟಿಗೆ ಟ್ರ್ಯಾಕ್ಟರು ವಹಿಸಿಕೊಂಡಿದೆ. ಜೋಳದ ರೊಟ್ಟಿಯನ್ನು ಮಾತ್ರ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೈಯಿಂದಲೇ ಬಡಿಯುತ್ತಾರೆ.

ಸಂಪ್ರದಾಯದ ಹೆಸರು ಹೇಳುವವರಿಗೆ ನಮ್ಮ ಜಿಲ್ಲೆಯವರೇ ಉತ್ತರ. ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ೧೨ನೆಯ ಶತಮಾನದ ಶರಣ ದಂಪತಿಗಳು. ಕಲ್ಯಾಣದ ಅಂಗಳದಲ್ಲಿ ಬಾಗಿ ಅಕ್ಕಿ ಆಯುವುದು ಮಾರಯ್ಯನ ಕಾಯಕವಾಗಿತ್ತು. ಇಂದು ಅಕ್ಕಿ ಆರಿಸೆಂದು ಗಂಡಸಿನ ಮುಂದೆ ಮೊರವಿಟ್ಟರೆ ಮನೆಯಲ್ಲಿ ರಾಮಾಯಣವಾದೀತು! ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದಾಗ, ಮರಳಿ ಸುರಿದು ಬರಲು ಲಕ್ಕಮ್ಮ ಹೇಳಿದಳೆಂಬ ಕಥೆ ಎಲ್ಲರಿಗೂ ಗೊತ್ತು. ಭಾಷಣಗಳಲ್ಲಿ ಇದನ್ನು ನಿರಾಸೆಯ ಪಾಠವೆನ್ನುತ್ತಾರೆ. ನನಗೆ ಹಿಡಿಸಿದ್ದು ಬೇರೆ: ಮನೆಗೆ ಎಷ್ಟು ಬರಬೇಕೆಂಬುದನ್ನು ಅಡುಗೆ ಮಾಡುವವಳೇ ನಿರ್ಧರಿಸಿದಳು. ಅಡುಗೆಮನೆ ಹೆಣ್ಣಿನದೆನ್ನುವವರು ಆ ಅಧಿಕಾರವನ್ನೂ ಅವಳಿಗೆ ಬಿಟ್ಟಿದ್ದಾರೆಯೇ?

ಇನ್ನು ನಮ್ಮ ಸಹಪಾಠಿಗಳ ವಿಷಯ. ಮಾನವಿ, ದೇವದುರ್ಗಗಳಿಂದ ಬಂದು ರಾಯಚೂರಿನಲ್ಲಿ ಕೋಣೆ ಹಿಡಿದಿರುವ ತರುಣರು ಸ್ಟೋವಿನ ಮೇಲೆ ಅನ್ನ ಸಾರು ಮಾಡುತ್ತಾರೆ, ಸರದಿಯಂತೆ ಪಾತ್ರೆ ತಿಕ್ಕುತ್ತಾರೆ. ಯಾರ ಸರದಿ ತಪ್ಪಿದರೂ ಜಗಳ! ಇಷ್ಟು ನ್ಯಾಯನಿಷ್ಠುರರು ಊರಿನ ಬಸ್ಸಿಳಿದ ಮೇಲೆ ಉಂಡ ತಾಟನ್ನು ಎತ್ತಿಡುವುದಿಲ್ಲ. ಅದೇ ಬಸ್ಸಿನಲ್ಲಿ ದಿನಾ ಓಡಾಡುವ ಹುಡುಗಿಯರೋ ನಸುಕಿನಲ್ಲೆದ್ದು ಮನೆಮಂದಿಗೆಲ್ಲ ರೊಟ್ಟಿ ಮಾಡಿಟ್ಟು ಬರಬೇಕು. ಮೊದಲನೆಯ ಪಿರಿಯಡ್ಡಿನಲ್ಲಿ ಖಾಲಿಯಿರುವ ಬೆಂಚುಗಳು ಯಾರವೆಂದು ಅಧ್ಯಾಪಕರೇ ಬಲ್ಲರು.

ಪದವಿ ಮುಗಿದೊಡನೆ ನಮ್ಮಲ್ಲಿ ಹಲವರ ಮನೆಗಳಲ್ಲಿ ಮದುವೆಯ ಮಾತು ಏಳುತ್ತದೆ. ಹೆಣ್ಣು ನೋಡಲು ಬಂದವರು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳುವುದುಂಟು. ಆ ಪ್ರಶ್ನೆಯನ್ನು ವರನಿಗೂ ಕೇಳಬೇಕೆಂದು ನನ್ನ ಅಭಿಪ್ರಾಯ. ರೊಟ್ಟಿ ಬಾರದಿದ್ದರೆ ಹೋಗಲಿ, ಮೂರು ವರ್ಷ ಕೋಣೆಯಲ್ಲಿದ್ದವರು ಅನ್ನ ಸಾರು ಬಾರದೆನ್ನುವಂತಿಲ್ಲ.