ಮಕ್ಕಳ ಸಂಜೆಗೆ ಬೀಗ ಜಡಿದವರು ಉತ್ತರ ಕೊಡಲಿ!

ಬರುವ ಭಾನುವಾರ ಆರಾಧನೆ ಮುಗಿದ ಕೂಡಲೇ ವಾರ್ಷಿಕ ಮಹಾಸಭೆ. ಯಾರೂ ಮನೆಗೆ ಹೋಗಬೇಡಿ!

ಕರ್ತನಲ್ಲಿ ಪ್ರಿಯರಾದ ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ನಡೆದದ್ದು ನಿಮಗೆಲ್ಲ ಗೊತ್ತು. ಆದರೂ ಮತ್ತೆ ಹೇಳುತ್ತೇವೆ. ನೀವು ಮರೆಯಲಿ ಎಂದೇ ಕೆಲವರು ಕಾದಿದ್ದಾರೆ. ಮೂರು ವರ್ಷಗಳಿಂದ ನಮ್ಮ ಸಭಾಭವನದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ದಿನಾ 6ರಿಂದ 8 ಗಂಟೆಯ ತನಕ ಯೌವನಸ್ಥರ ಸಂಘದ ಸಂಜೆ ಪಾಠ ನಡೆಯುತ್ತಿತ್ತು. ಕಲಿಸುತ್ತಿದ್ದವರು ಕಾಲೇಜು ಹುಡುಗರು, ಅಂಗಡಿಯಲ್ಲಿ ದುಡಿಯುವವರು, ನರ್ಸಿಂಗ್ ಓದುವ ಒಬ್ಬ ತಂಗಿ. ಕಲಿಯುತ್ತಿದ್ದವರು ಬೀಡಿ ಕಟ್ಟುವ, ಮೀನು ಮಾರುವ, ಗಾರೆ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳು. ಕಳೆದ ತಿಂಗಳು ಒಂದು ಸಂಜೆ ಹೋಗಿ ನೋಡಿದರೆ ಬಾಗಿಲಿಗೆ ಹೊಸ ಬೀಗ. ಭವನವನ್ನು ಇನ್ನು ರಿಸೆಪ್ಷನ್‌ಗಳಿಗೆ ಬಾಡಿಗೆ ಕೊಡುತ್ತಾರಂತೆ. ವಾರದಲ್ಲಿ ಐದೂ ದಿನ ರಿಸೆಪ್ಷನ್ ಇದೆಯೇ? ಇಲ್ಲ. ಭವನ ಖಾಲಿ ಬಿದ್ದಿದೆ, ಬೀಗ ಮಾತ್ರ ತಪ್ಪದೆ ಹಾಜರಿ ಹಾಕುತ್ತಿದೆ.

ಮೊನ್ನೆ ಬುಧವಾರ ಜಡಿಮಳೆ. ಎಸ್ಸೆಸ್ಸೆಲ್ಸಿ ಓದುವ ಹುಡುಗಿಯೊಬ್ಬಳು ಅದೇ ಭವನದ ಮೆಟ್ಟಿಲ ಮೇಲೆ ಗೋಡೆಗೆ ಒತ್ತಿ ಕೂತು ಲೆಕ್ಕ ಮಾಡುತ್ತಿದ್ದಳು. ಅವಳ ತಮ್ಮ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ. ಎರಚಲಿಗೆ ಗ್ರಾಫ್ ಹಾಳೆಯ ಅಂಚು ನೆನೆದು, ಗೆರೆ ಎಳೆದಲ್ಲೆಲ್ಲ ಪೆನ್ಸಿಲ್ ಕಾಗದವನ್ನೇ ಹರಿಯುತ್ತಿತ್ತು. ಅವಳ ಬೆನ್ನ ಹಿಂದಿನ ಕಿಟಕಿಯಾಚೆ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು ಬೆಚ್ಚಗೆ ಕೂತಿದ್ದವು. ನಮ್ಮ ಸಭೆಯಲ್ಲಿ ಕುರ್ಚಿಗಿರುವ ಸೂರು ಮಗುವಿಗಿಲ್ಲ!

ಪೌಲನು ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಹಿಡಿದು ಕಾಲದ ಬೆಲೆಯ ಬಗ್ಗೆ ನಮಗೆ ಎಷ್ಟು ಪ್ರಸಂಗ ಮಾಡಿಲ್ಲ! ಯೌವನಸ್ಥರ ಭಾನುವಾರ ಬಂತೆಂದರೆ ಹುಡುಗರು ಮೊಬೈಲ್ ಉಜ್ಜುತ್ತಾ ಹಾಳಾದರು ಎಂಬ ಕಿವಿಮಾತು ಖಾಯಂ. ಒಪ್ಪಿದೆವು. ವಾರಕ್ಕೆ 168 ಗಂಟೆ. ಅದರಲ್ಲಿ 10 ಗಂಟೆ ಕರ್ತನ ಹೆಸರಿನಲ್ಲಿ ನೆರೆಯ ಮಕ್ಕಳಿಗೆ ಎಂದು ಎತ್ತಿಟ್ಟೆವು. ಅದಕ್ಕೆ ಸಿಕ್ಕ ಬಹುಮಾನ ಬೀಗ. ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟ ಆಳಿನ ಕಥೆ ನಮಗೂ ಗೊತ್ತು. ಆದರೆ ಅವನು ಹೂತದ್ದು ತನ್ನ ಕೈಗೆ ಬಂದದ್ದನ್ನು, ನಮ್ಮವರು ಹೂಳುತ್ತಿರುವುದು ಇನ್ನೊಬ್ಬರದನ್ನು.

“ಸಭೆಯ ಕೆಲಸ ಸುವಾರ್ತೆ, ಟ್ಯೂಷನ್ ಅಲ್ಲ” ಅನ್ನುತ್ತಾರೆ. ಆಹಾ! ನಾವು ಹೆಮ್ಮೆಪಡುವ ಸಂಡೇ ಸ್ಕೂಲ್ ಬೆಳೆದದ್ದು ಹೇಗೆ? 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕೆಯವನು, ವಾರವಿಡೀ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲು ತೆರೆದ ಶಾಲೆಗಳಿಂದ. ರೇಕ್ಸ್ ನಮ್ಮ ಊರಿಗೆ ಬಂದಿದ್ದರೆ ಅವನಿಗೂ ಬಾಡಿಗೆ ರಸೀದಿ ಹರಿದುಕೊಡುತ್ತಿದ್ದರೇನೋ.

“ಬೇರೆ ಧರ್ಮದ ಮಕ್ಕಳೂ ಬರುತ್ತಾರೆ” ಎಂಬ ಆತಂಕ ಇನ್ನೊಂದು. ಅಯ್ಯೋ, ಎಂಥ ಅನಾಹುತ! ಗಾಯಗೊಂಡವನನ್ನು ಕತ್ತೆಯ ಮೇಲೆ ಕೂರಿಸುವ ಮೊದಲು ಆ ಸಮಾರ್ಯದವನು ಸದಸ್ಯತ್ವದ ಚೀಟಿ ಕೇಳಬೇಕಿತ್ತು ಅಲ್ಲವೇ?

“ಮಕ್ಕಳು ನೆಲ ಗಲೀಜು ಮಾಡುತ್ತಾರೆ” ಅನ್ನುವವರಿಗೆ ಕೈಮುಗಿದೆವು. ಬಿರಿಯಾನಿ ಹಂಡೆ ಎಳೆದಾಡಿದರೆ ಅದೇ ನೆಲ ಪಾವನವಾಗುತ್ತದೆ.

ಇನ್ನು ನಮ್ಮ ವಯಸ್ಸಿನವರೇ ಆದ ಉಜ್ಜೀವನ ಗುಂಪಿನವರು. ಕರ್ತನು ಬೇಗ ಬರುತ್ತಾನೆ, ಗಣಿತ ಯಾಕೆ ಎಂದು ನಮ್ಮನ್ನು ಗೇಲಿ ಮಾಡುತ್ತಾರೆ. ಬರಲಿ, ನಾವೂ ಕಾಯುತ್ತಿದ್ದೇವೆ. ಬಂದಾಗ ಅವರು ಧ್ವನಿವರ್ಧಕದ ಮುಂದೆ ಸಿಗುತ್ತಾರೆ, ನಾವು ಮೆಟ್ಟಿಲ ಮೇಲೆ ಸಿಗುತ್ತೇವೆ. ಗಾಯನ ವೃಂದದ ಅಣ್ಣಂದಿರ ಕೀಬೋರ್ಡ್ ಭವನದೊಳಗೆ ಭದ್ರವಾಗಿದೆ, ಅದಕ್ಕೇ ಅವರ ಬಾಯಿಯೂ ಭದ್ರ. ಕ್ರಿಕೆಟ್ ಟೀಮಿನವರಿಗೆ ಟೂರ್ನಮೆಂಟಿನ ಜೆರ್ಸಿ ಯಾವ ಬಣ್ಣದ್ದು ಎಂಬುದೇ ಚಿಂತೆ. ಹಿರಿಯರನ್ನೇ ಬೈದು ಏನು ಪ್ರಯೋಜನ?

ಆದರೂ ಬೈಯಲೆಂದು ಈ ಕಾಗದ ಹಂಚುತ್ತಿಲ್ಲ. ಸಮಾಧಾನದಿಂದ ಯೋಚಿಸಿ. ಮಿಷನರಿ ಹರ್ಮನ್ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 25 ವರ್ಷ. ಏಳು ವರ್ಷ ಕಳೆಯುವುದರೊಳಗೆ, 1843ರ ಜುಲೈ 1ರಂದು, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂತು. ಕಿಟೆಲ್ 1853ರಲ್ಲಿ ಈ ನೆಲಕ್ಕೆ ಕಾಲಿಟ್ಟಾಗ 21ರ ಹುಡುಗ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಜಾರ್ಜ್ ವಿಲಿಯಮ್ಸ್ ಲಂಡನ್ನಿನ ಬಟ್ಟೆ ಅಂಗಡಿಯ ನೌಕರ. ಹಗಲಿಡೀ ಅಂಗಡಿಯಲ್ಲಿ ದುಡಿಯುತ್ತಲೇ, 1844ರ ಜೂನ್ 6ರಂದು, 22ನೇ ವಯಸ್ಸಿನಲ್ಲಿ, ಗೆಳೆಯರನ್ನು ಕೂಡಿಸಿ ವೈಎಂಸಿಎ ಕಟ್ಟಿದ. ಇವರ ಪಟಗಳಿಗೆ ಹಾರ ಹಾಕುವ ಕೈಗಳೇ ಇಂದು 22ರ ಹುಡುಗರಿಗೆ, ‘ನಿಮಗಿನ್ನೂ ವಯಸ್ಸಾಗಿಲ್ಲ, ಸುಮ್ಮನಿರಿ’ ಎಂದು ಸನ್ನೆ ಮಾಡುತ್ತಿವೆ! ಯೌವನವನ್ನು ಹಗುರವಾಗಿ ಕಾಣಲು ಯಾರಿಗೂ ಎಡೆಗೊಡಬೇಡ ಎಂದು ತಿಮೊಥೆಗೆ ಪೌಲನು ಬುದ್ಧಿ ಹೇಳಿದ್ದು ಇಂಥ ಹೊತ್ತಿಗೇ ಇರಬೇಕು.

ಗೇಟಿಗೆ ಯಾವ ಬಣ್ಣ ಬಳಿಯಬೇಕೆಂದು ನಾಲ್ಕು ಸಲ ಕೂತು ಮಾತಾಡಿದ ಸಮಿತಿಗೆ ಈ ಬೀಗದ ಬಗ್ಗೆ ಮಾತಾಡಲು ಹತ್ತು ನಿಮಿಷ ಸಿಕ್ಕಿಲ್ಲ. ಕಾಲವನ್ನು ಹಾಳು ಮಾಡುತ್ತಿರುವವರು ಯಾರು, ನೀವೇ ಹೇಳಿ. ಸಭೆ ಎಚ್ಚೆತ್ತುಕೊಳ್ಳಬೇಕು. ಭವನ ಜನರದಾಗಬೇಕು, ಯೌವನಸ್ಥರ ಮಾತಿಗೆ ಬೆಲೆ ಬರಬೇಕು. ದಾರಿ ಏನೆಂದು ಎಲ್ಲರೂ ಕೂಡಿ ಕಂಡುಕೊಳ್ಳೋಣ, ಮೊದಲು ಬಾಯಿ ಬಿಡೋಣ.

ಭಾನುವಾರ ಆಶೀರ್ವಾದ ಆದ ಮೇಲೆ ಕೂತಲ್ಲೇ ಕೂತಿರಿ. ಒಲೆಯ ಮೇಲಿನ ಸಾರು ಒಂದು ಗಂಟೆ ಕಾಯುತ್ತದೆ. ಮಕ್ಕಳು ಕಾಯತೊಡಗಿ ತಿಂಗಳಾಯಿತು. ನಂಬಿಕೆ ಬಾರದಿದ್ದರೆ ಇವತ್ತೇ ಸಂಜೆ ಆರಕ್ಕೆ ಭವನದ ಮೆಟ್ಟಿಲ ಹತ್ತಿರ ಬನ್ನಿ. ಬರುವಾಗ ಒಂದು ಕೊಡೆ ತನ್ನಿ.

— ಸಭೆಯ ಯೌವನಸ್ಥರು

(ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.)