ಬರಿದಾದ ಪೀಠಗಳ ಲೆಕ್ಕ

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಶಾಸನಸಭೆಯ ಅಧಿವೇಶನವು ಕೂಡುವ ಕಾಲಕ್ಕೆ ಪಕ್ಷಗಳ ಬಲಾಬಲದ ಕೋಷ್ಟಕವೊಂದು ಎಲ್ಲರ ಬಾಯಲ್ಲಿಯೂ ಇರುತ್ತದೆ. ಸಭಾಸದರು ಒಟ್ಟು 224. 2023ರ ಮೇ ತಿಂಗಳ ಚುನಾವಣೆಯಲ್ಲಿ ಆರಿಸಿ ಬಂದವರು ಕಾಂಗ್ರೆಸ್ಸಿನಿಂದ 135, ಭಾರತೀಯ ಜನತಾ ಪಕ್ಷದಿಂದ 66, ಜಾತ್ಯತೀತ ಜನತಾದಳದಿಂದ 19, ಉಳಿದವರು ನಾಲ್ವರು. ಜನರು ಇದನ್ನು ಪೇಟೆಯ ಧಾರಣೆಯನ್ನು ನೋಡುವಂತೆ ನೋಡಿ, ಯಾರ ಕೈ ಮೇಲಾಯಿತೆಂದು ತಿಳಿದು, ಸುಮ್ಮನಾಗುತ್ತಾರೆ.

ಈ ಕೋಷ್ಟಕವು ಸುಳ್ಳೆಂದು ನಾವು ಹೇಳುವದಿಲ್ಲ. ಆದರೆ ಏಕೀಕರಣಕ್ಕಾಗಿ ನಮ್ಮ ಹಿರಿಯರು ಪಟ್ಟ ಪಾಡನ್ನು ನೆನೆಯುವವರಿಗೆ ಇದೊಂದೇ ಸಾಲದು. ನಮ್ಮ ಸೀಮೆಯ ಪೀಠಗಳೆಷ್ಟು, ಅವುಗಳಲ್ಲಿ ಕುಳಿತು ನಮ್ಮ ಮಾತನ್ನು ಆಡುವವರೆಷ್ಟು, ಬೇಕಾದ ಹೊತ್ತಿಗೆ ಬರಿದಾಗಿದ್ದ ಪೀಠಗಳೆಷ್ಟು ಎಂಬ ಲೆಕ್ಕವನ್ನೂ ಕೇಳುವದು ನಮ್ಮ ಹಕ್ಕು.

ಹಿಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯೋಣ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಈ ನಾಲ್ಕು ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದಾಗ ನಮ್ಮ ಪ್ರತಿನಿಧಿಗಳು ಮುಂಬಯಿಯ ಅಸೆಂಬ್ಲಿಗೆ ಹೋಗುತ್ತಿದ್ದರು. 1937ರಲ್ಲಿ ಆ ಸಭೆಯ ಸದಸ್ಯರ ಸಂಖ್ಯೆ 175, 1952ರಲ್ಲಿ 315. ಅಲ್ಲಿ ಯಾವ ಪಕ್ಷಕ್ಕೆ ಬಹುಮತ ಬಂದರೇನು? ಮರಾಠಿ ಮತ್ತು ಗುಜರಾತಿ ಸಭಾಸದರ ನಡುವೆ ಕನ್ನಡಿಗರು ಯಾವಾಗಲೂ ಅಲ್ಪಸಂಖ್ಯಾತರೇ. ಆದರೂ ಅವರು ಸುಮ್ಮನೆ ಕುಳಿತವರಲ್ಲ. ಪ್ರತ್ಯೇಕ ಕರ್ನಾಟಕ ಪ್ರಾಂತವು ಬೇಕೆಂಬ ಠರಾವು 1938ರಲ್ಲಿ ಅದೇ ಸಭೆಯಲ್ಲಿ ಪಾಸಾಯಿತು. ಪ್ರಾಂತವು ಕೈಗೆ ಬರಲು ಮುಂದೆ 18 ವರ್ಷಗಳು ಬೇಕಾದವೆಂಬುದು ಬೇರೆ ಮಾತು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸಕ್ಕೆ ಕುಳಿತಾಗ, ಹುಬ್ಬಳ್ಳಿಯ ಜನರು ಕೆರಳಿ ಎದ್ದಾಗ, ಅಂದಣ್ಣಪ್ಪ ದೊಡ್ಡಮೇಟಿಯವರು ಮುಂಬಯಿ ಸಭೆಯ ತಮ್ಮ ಸದಸ್ಯತ್ವಕ್ಕೆ ರಾಜೀನಾಮೆಯನ್ನಿತ್ತರು. ಬಳಿಕ ಹುಬ್ಬಳ್ಳಿಯಲ್ಲಿ ನಡೆದ ಮರುಚುನಾವಣೆಯಲ್ಲಿ ಕಾಂಗ್ರೆಸ್ಸು ಸೋತು ಏಕೀಕರಣದ ಪಕ್ಷವು ಗೆದ್ದಿತು. ಪೀಠವನ್ನು ಬಿಡುವದಾದರೆ ಯಾತಕ್ಕಾಗಿ ಬಿಡಬೇಕೆಂಬುದನ್ನು ಆ ಪೀಳಿಗೆಯವರು ತೋರಿಸಿ ಹೋದರು.

ಪರರ ಸಭೆಯಲ್ಲಿ ಒಂಟಿಯಾಗಿ ಕೂಡುವ ಕಷ್ಟವನ್ನು ಕಾಸರಗೋಡಿನ ಕನ್ನಡಿಗರು ಚೆನ್ನಾಗಿ ಬಲ್ಲರು. 1957ರಲ್ಲಿ ಮಂಜೇಶ್ವರದ ಜನರು ಎಂ. ಉಮೇಶರಾಯರನ್ನು ಅವಿರೋಧವಾಗಿ ಆರಿಸಿ ಕೇರಳದ ಶಾಸನಸಭೆಗೆ ಕಳುಹಿಸಿದರು. ಊರು ಒಗ್ಗಟ್ಟಾಗಿತ್ತು, ಆದರೆ ಸಭೆ ನಮ್ಮದಾಗಿರಲಿಲ್ಲ.

ನಮಗಾದರೋ ಆ ಭಾಗ್ಯವು ಒದಗಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. ಅದೇ ವರ್ಷದ ದಶಂಬರ 19ರಂದು ಹೊಸ ರಾಜ್ಯದ ಶಾಸನಸಭೆಯು ಬೆಂಗಳೂರಿನ ನೂತನ ವಿಧಾನಸೌಧದಲ್ಲಿ ಮೊದಲ ಸಲ ಕೂಡಿತು. ಮುಂಬಯಿ ಸಭೆಯಲ್ಲಿದ್ದ ನಮ್ಮವರು, ಹೈದರಾಬಾದಿನ ಕಡೆಯವರು, ಕೊಡಗಿನವರು, ಮೈಸೂರಿನವರು ಒಂದೇ ಚಾವಣಿಯ ಕೆಳಗೆ ಕುಳಿತರು. ಅಧ್ಯಕ್ಷಪೀಠವು ಅಂದಿನ ವಿಜಾಪುರ ಜಿಲ್ಲೆಯ ಎಸ್. ಆರ್. ಕಂಠಿಯವರಿಗೆ ಸಂದಿತು. 1957ರ ಚುನಾವಣೆಯಲ್ಲಿ 208 ಸ್ಥಾನಗಳಿದ್ದುದು, 1978ರಿಂದ 224 ಆಗಿ ನಿಂತಿದೆ.

ಈ 224ರಲ್ಲಿ ಹಿಂದಿನ ಮುಂಬಯಿ ಕರ್ನಾಟಕದ ಪಾಲು 56. ಅಂದರೆ ಸರಿಯಾಗಿ ನಾಲ್ಕರಲ್ಲೊಂದು. ಬೆಳಗಾವಿ ಜಿಲ್ಲೆ ಒಂದಕ್ಕೇ 18 ಸ್ಥಾನಗಳಿವೆ. ಬೆಂಗಳೂರು ನಗರ ಜಿಲ್ಲೆಯನ್ನು ಬಿಟ್ಟರೆ ಇಷ್ಟು ಪೀಠಗಳುಳ್ಳ ಜಿಲ್ಲೆ ರಾಜ್ಯದಲ್ಲಿ ಮತ್ತೊಂದಿಲ್ಲ. 2023ರಲ್ಲಿ ಇವುಗಳಲ್ಲಿ ಕಾಂಗ್ರೆಸ್ಸಿಗೆ 11, ಭಾಜಪಕ್ಕೆ 7 ಬಂದವು. ಮಹಾರಾಷ್ಟ್ರ ಏಕೀಕರಣ ಸಮಿತಿಗೆ 2018ರಲ್ಲಿಯೂ 2023ರಲ್ಲಿಯೂ ಒಂದೂ ಬರಲಿಲ್ಲ. ಗಡಿನಾಡಿನ ಮತದಾರನು ತನ್ನ ಕೆಲಸವನ್ನು ಮಾಡಿದ್ದಾನೆ. ಆತನು ಕಳುಹಿಸಿದವರು ತಮ್ಮ ಕೆಲಸವನ್ನು ಮಾಡಿದರೋ ಎಂಬುದೇ ಪ್ರಶ್ನೆ.

ಘೋಡಗೇರಿಯಂಥ ಒಂದು ಊರಿನ ಕಟ್ಟೆಯ ಮೇಲೆ ಕುಳಿತು ಈ ಪ್ರಶ್ನೆಯನ್ನು ವಿಚಾರಿಸೋಣ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಈ ಸೀಮೆಯನ್ನು ಗೋಕಾಕ, ಅರಭಾವಿ, ಹುಕ್ಕೇರಿ, ಯಮಕನಮರಡಿ ಎಂಬ ನಾಲ್ಕು ಕ್ಷೇತ್ರಗಳು ಹಂಚಿಕೊಂಡಿವೆ. 2023ರಲ್ಲಿ ಮೂರು ಭಾಜಪಕ್ಕೆ, ಒಂದು ಕಾಂಗ್ರೆಸ್ಸಿಗೆ. ಈ ನಾಲ್ಕರಲ್ಲಿ ಮೂರು ಪೀಠಗಳು ಜಾರಕಿಹೊಳಿ ಮನೆತನದ ಸಹೋದರರವು. ಇಬ್ಬರು ಒಂದು ಪಕ್ಷ, ಒಬ್ಬರು ಇನ್ನೊಂದು ಪಕ್ಷ. ಇಂಥಲ್ಲಿ ಪಕ್ಷದ ಕೋಷ್ಟಕವನ್ನು ಓದಿ ರೈತನು ಏನನ್ನು ತಿಳಿದುಕೊಳ್ಳಬೇಕು? ಆತನ ಹೊಲಕ್ಕೆ ಬರುವ ನೀರಿಗೆ ಪಕ್ಷವಿಲ್ಲ; ಘಟಪ್ರಭೆ ಉಕ್ಕಿದಾಗ ಅದಕ್ಕೂ ಪಕ್ಷವಿಲ್ಲ.

2019ರ ವರ್ಷವನ್ನು ನಮ್ಮ ಜನರು ಮರೆಯಬಾರದು. ಆ ಜುಲೈ ತಿಂಗಳಲ್ಲಿ ಆಳುವ ಕೂಟದ ಹಲವು ಸಭಾಸದರು ರಾಜೀನಾಮೆ ಬರೆದುಕೊಟ್ಟು ಮುಂಬಯಿಯ ಹೋಟೆಲೊಂದರಲ್ಲಿ ಹೋಗಿ ಕುಳಿತರು. ಯಾವ ಮುಂಬಯಿಯ ಸಭೆಯಿಂದ ಬಿಡುಗಡೆ ಹೊಂದಲು ನಮ್ಮ ಹಿರಿಯರು ಹೆಣಗಿದರೋ, ಅದೇ ಮುಂಬಯಿಯಲ್ಲಿ ಕುಳಿತು ನಮ್ಮ ಸಭೆಯ ಭವಿಷ್ಯವು ನಿರ್ಧಾರವಾಯಿತು! ಜುಲೈ 23ರಂದು ಸರಕಾರವು 99ಕ್ಕೆ 105 ಮತಗಳಿಂದ ಬಿದ್ದಿತು. ಆ ತಿಂಗಳು ಮುಗಿಯುವದರೊಳಗೆ 17 ಸಭಾಸದರು ಅನರ್ಹರಾಗಿ, ಸಭೆಯು 207ಕ್ಕೆ ಇಳಿಯಿತು; ಬಹುಮತಕ್ಕೆ 104 ಸಾಕಾಯಿತು. ಬರಿದಾದ ಪೀಠಗಳಲ್ಲಿ ಮೂರು ನಮ್ಮ ಜಿಲ್ಲೆಯವು: ಗೋಕಾಕ, ಅಥಣಿ, ಕಾಗವಾಡ.

ಮುಂದೆ ಹತ್ತು ದಿನಗಳಲ್ಲಿ ಹೊಳೆಗಳು ಉಕ್ಕಿದವು. ಗೋಕಾಕದ ತಗ್ಗಿನ ಓಣಿಗಳಲ್ಲಿ ಘಟಪ್ರಭೆ ಹೊಕ್ಕಿತು. ಅಥಣಿ, ಕಾಗವಾಡಗಳ ಕಡೆ ಕೃಷ್ಣೆ ಹಬ್ಬಿತು. ಆಗ ಮುಖ್ಯಮಂತ್ರಿ ಒಬ್ಬರನ್ನು ಬಿಟ್ಟರೆ ರಾಜ್ಯಕ್ಕೆ ಮಂತ್ರಿಗಳೇ ಇರಲಿಲ್ಲ. ಅವರು ನೇಮಕವಾದದ್ದು ಆಗಸ್ಟ 20ಕ್ಕೆ. ಅಕ್ಟೋಬರ ತಿಂಗಳಲ್ಲಿ ಅಧಿವೇಶನವು ಕೂಡಿತು. ಬೆಳಗಾವಿಯಲ್ಲಲ್ಲ, ಬೆಂಗಳೂರಿನಲ್ಲಿ, ಅದೂ ಮೂರು ದಿನ. ನೆರೆಯ ಮಾತು ಬಂದಾಗ ನೆರೆಯಲ್ಲಿ ಮುಳುಗಿದ ಮೂರು ಕ್ಷೇತ್ರಗಳ ಪೀಠಗಳು ಬರಿದಾಗಿದ್ದವು. ಅವು ತುಂಬಿದ್ದು ದಶಂಬರದ ಮರುಚುನಾವಣೆಯ ಬಳಿಕ.

ಆ ಮೂವರನ್ನೂ ಜನರೇ ಮತ್ತೆ ಆರಿಸಲಿಲ್ಲವೆ ಎಂದು ಕೆಲವರು ಕೇಳುವರು. ಹೌದು, ಆರಿಸಿದರು, ಹೊಸ ಪಕ್ಷದ ಚಿಹ್ನೆಯ ಮೇಲೆಯೇ ಆರಿಸಿದರು. ಅಥಣಿ, ಕಾಗವಾಡಗಳವರು 2023ರಲ್ಲಿ ಮನಸ್ಸು ಬದಲಿಸಿದರು, ಗೋಕಾಕದವರು ಬದಲಿಸಲಿಲ್ಲ. ಮತದಾರನ ತೀರ್ಪಿಗೆ ನಾವು ತಲೆಬಾಗುತ್ತೇವೆ. ಪಕ್ಷವನ್ನು ಬಿಡುವದು ಪಾಪವೆಂದೂ ನಮ್ಮ ಮತವಲ್ಲ. ಒಂದು ಸರಕಾರವು ಸರಿಯಿಲ್ಲವೆಂದು ತೋರಿದರೆ ಅದನ್ನು ಬಿಡಲು ಪ್ರತಿನಿಧಿಗೆ ಅಧಿಕಾರವುಂಟು. ಆದರೆ ದೊಡ್ಡಮೇಟಿಯವರು ಪೀಠವನ್ನು ಬಿಟ್ಟದ್ದು ನಾಡಿಗಾಗಿ. 2019ರಲ್ಲಿ ಪೀಠಗಳು ಬರಿದಾದುದರಿಂದ ಪಕ್ಷಗಳ ಲೆಕ್ಕವು ಕೂಡಿತು, ಊರಿನ ಲೆಕ್ಕವು ಕಳೆಯಿತು. ಸಂಕಟದ ನಾಲ್ಕು ತಿಂಗಳು ಮೂರು ಕ್ಷೇತ್ರಗಳ ಬಾಯಿ ಕಟ್ಟಿತ್ತೆಂಬುದನ್ನು ಯಾವ ಮರುಗೆಲುವೂ ಅಳಿಸಲಾರದು.

ಪಕ್ಷಭೇದವನ್ನು ಬದಿಗಿಡುವದು ನಮ್ಮವರಿಗೆ ಆಗದ ಕೆಲಸವೇನೂ ಅಲ್ಲ. 2022ರ ದಶಂಬರದಲ್ಲಿ ಸುವರ್ಣಸೌಧದಲ್ಲಿಯೇ ಗಡಿಯ ವಿಷಯವಾಗಿ ಸರ್ವಾನುಮತದ ಠರಾವು ಆಯಿತು. ಕೆಲವೇ ದಿನಗಳಲ್ಲಿ ನಾಗಪುರದಲ್ಲಿ ಕೂಡಿದ ಮಹಾರಾಷ್ಟ್ರದ ಸಭೆಯೂ ತನ್ನ ಠರಾವನ್ನು ಸರ್ವಾನುಮತದಿಂದಲೇ ಮಾಡಿತು. ಗಡಿಗಾಗಿ ಒಂದಾಗುವವರು ಗಡಿಯ ಒಳಗಿನ ಜನರಿಗಾಗಿ ಏಕೆ ಒಂದಾಗಬಾರದು? ಠರಾವಿನಿಂದ ಗಡಿ ಉಳಿದೀತು. ಕನ್ನಡ ಶಾಲೆಗೆ ಮಾಸ್ತರರು, ಕಾಲುವೆಯ ಕೊನೆಗೆ ನೀರು, ನೆರೆಗೆ ಮನೆ ಕಳೆದುಕೊಂಡವರಿಗೆ ಸೂರು ಇವು ಠರಾವಿನಿಂದ ಬರುವವಲ್ಲ.

ಆದಕಾರಣ ನಮ್ಮ ಸೂಚನೆ ಇಷ್ಟು. ಬೆಳಗಾವಿಯ ಅಧಿವೇಶನಕ್ಕೆ ಒಂದು ದಿನ ಮುಂಚೆ ಜಿಲ್ಲೆಯ 18 ಸಭಾಸದರು ಪಕ್ಷವನ್ನು ಹೊರಗಿಟ್ಟು ಒಂದೆಡೆ ಕೂಡಲಿ. ಜಿಲ್ಲೆಯ ಬೇಡಿಕೆಗಳ ಒಂದೇ ಪಟ್ಟಿಯನ್ನು ಮಾಡಿ ಅದಕ್ಕೆ ಎಲ್ಲರೂ ಸಹಿ ಹಾಕಲಿ. ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳವು, 7 ಪದವೀಧರರವು. ಆ ಮತವುಳ್ಳ ಮಾಸ್ತರರೂ ವಿದ್ಯಾವಂತರೂ ತಮ್ಮ ಪ್ರತಿನಿಧಿಗಳನ್ನು ಇದೇ ಕೆಲಸಕ್ಕೆ ಹಚ್ಚಲಿ. ಊರೂರಿನ ವಾಚನಾಲಯಗಳಲ್ಲಿ ಒಂದು ಹಲಗೆಯನ್ನು ತೂಗಹಾಕಿ, ಆ ಕ್ಷೇತ್ರದ ಸಭಾಸದನು ಎಷ್ಟು ದಿನ ಹಾಜರಿದ್ದನು, ಯಾವ ಪ್ರಶ್ನೆಯನ್ನು ಕೇಳಿದನು, ಏನು ಉತ್ತರ ಬಂದಿತೆಂದು ಬರೆಯಲಿ. ಶಾಲೆಯಲ್ಲಿ ಹುಡುಗರ ಹಾಜರಿ ಬರೆಯುವ ಕೈಗೆ ಇದು ಭಾರವಾಗದು.

ಪರರ ಸಭೆಯಲ್ಲಿ ನಮ್ಮ ಪೀಠಗಳು ಕಡಿಮೆಯೆಂದು ಹಿರಿಯರು ದುಃಖಿಸಿದರು. ಈಗ ಸಭೆ ನಮ್ಮದು, ಪೀಠಗಳೂ ಸಾಕಷ್ಟಿವೆ. ಅವು ಬರಿದಾಗದಂತೆ ಕಾಯುವದು ಮತವಿತ್ತವರ ಕೆಲಸ. ಅದನ್ನು ಅವರು ಪಕ್ಷಗಳ ಮೇಲೆ ಬಿಟ್ಟು ಕುಳಿತರೆ ಏಕೀಕರಣದ ಫಲವು ಅರ್ಧವಾಗಿಯೇ ಉಳಿಯುವದು.